ದೂರು ಕೊಡಲು ಇಂಗ್ಲಿಷ್ ಕಲಿತು ಬರಬೇಕೆ?

ನಮ್ಮ ನಾಡಿನಲ್ಲಿ ‘ಸಮಾಜ ಸೇವಕ’ರಿಗೆ ಬರವಿಲ್ಲ. ಯಾವ ಸರ್ಕಲ್ಲಿನಲ್ಲಿ ತಲೆಯೆತ್ತಿದರೂ ಒಂದು ಫ್ಲೆಕ್ಸು, ಫ್ಲೆಕ್ಸಿನಲ್ಲಿ ಕೈಮುಗಿದ ಮುಖ, ಮುಖದ ಕೆಳಗೆ ‘ಖ್ಯಾತ ಸಮಾಜ ಸೇವಕರು’! ಟಿಕೆಟ್ಟಿಗೆ ಸಾಲು ನಿಂತವರೆಲ್ಲ ಸಮಾಜ ಸೇವಕರೇ. ಈ ಮಾತು ಅವರ ಬಗ್ಗೆ ಅಲ್ಲ. ಅವರ ಮೇಲೆ ದೂರು ಕೊಡಲು ಐದು ವರ್ಷಕ್ಕೊಮ್ಮೆ ಮತಗಟ್ಟೆ ಇದೆ.

ನಾವು ಹೇಳಹೊರಟಿರುವುದು ಓದಿ ಪಾಸಾಗಿ ಸಮಾಜಕಾರ್ಯವನ್ನೇ ವೃತ್ತಿ ಮಾಡಿಕೊಂಡವರ ಬಗ್ಗೆ. ಎಂ.ಎಸ್.ಡಬ್ಲ್ಯೂ. ಮಾಡಿದವರು. ಆಸ್ಪತ್ರೆಯಲ್ಲಿ, ಮಕ್ಕಳ ಮಂದಿರದಲ್ಲಿ, ಸಾಂತ್ವನ ಕೇಂದ್ರದಲ್ಲಿ ಮೇಜು ಹಾಕಿಕೊಂಡು ಕುಳಿತವರು. ಸಂಬಳ ಕಡಿಮೆ, ಕೆಲಸ ಜಾಸ್ತಿ, ಬಹುಪಾಲು ಗುತ್ತಿಗೆ ನೌಕರಿ. ಇವರಲ್ಲಿ ಎಷ್ಟೋ ಜನ ಒಳ್ಳೆಯವರೇ. ಆದರೆ ಇವರ ಕೈಯಲ್ಲಿರುವ ಪೆನ್ನು ಸಣ್ಣದಲ್ಲ, ಅದನ್ನು ಮೊದಲು ತಿಳಿದುಕೊಳ್ಳಿ.

ಒಂದು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು ಎನ್ನಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಾಮಾಜಿಕ ತನಿಖೆ ನಡೆಯಬೇಕು, ಅದು 15 ದಿನದೊಳಗೆ ಮುಗಿಯಬೇಕು. ಮನೆಗೆ ಹೋಗಿ, ಅಕ್ಕಪಕ್ಕ ವಿಚಾರಿಸಿ, ‘ಈ ತಾಯಿ ಮಗುವನ್ನು ಸಾಕಬಲ್ಲಳು’ ಎಂದೋ ‘ಸಾಕಲಾರಳು’ ಎಂದೋ ಬರೆಯುವವರು ಇವರೇ. ದತ್ತು ಕೇಳಿದ ದಂಪತಿಯ ಮನೆ ನೋಡಿ ವರದಿ ಕೊಡುವವರು ಇವರೇ. ಮಾನಸಿಕ ರೋಗಿಯ ಮನೆಯ ಕಥೆ ಬರೆದುಕೊಳ್ಳುವವರು ಇವರೇ. ಬಡ ರೋಗಿಗೆ ಬಿಲ್ಲಿನಲ್ಲಿ ರಿಯಾಯಿತಿ ಕೊಡಬಹುದೇ ಎಂಬ ಪ್ರಶ್ನೆಗೆ ಎಷ್ಟೋ ಆಸ್ಪತ್ರೆಗಳಲ್ಲಿ ಶಿಫಾರಸು ಬರೆಯುವವರೂ ಇವರೇ. ಗಂಡನಿಗೆ ಹೇಳದ ಗುಟ್ಟನ್ನು ಹೆಂಡತಿ ಇವರ ಮುಂದೆ ಹೇಳಿರುತ್ತಾಳೆ. ಆ ಗುಟ್ಟು ಹೊರಗೆ ಬಿತ್ತೋ, ಆ ಸಂಸಾರ ಮುಗಿಯಿತು.

ಇಷ್ಟು ಅಧಿಕಾರ ಇರುವ ವೃತ್ತಿಯವರ ಮೇಲೆ ತಪ್ಪು ಕಂಡರೆ ದೂರು ಕೊಡುವುದು ಯಾರಿಗೆ?

ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇದೆ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ನರ್ಸಿಗೂ ಕೌನ್ಸಿಲ್ ಇದೆ. ಸಮಾಜಕಾರ್ಯವನ್ನು ನಮ್ಮ ದೇಶದಲ್ಲಿ ಕಾಲೇಜು ಕಟ್ಟಿ ಕಲಿಸಲು ಶುರುಮಾಡಿದ್ದು 1936ರಲ್ಲಿ, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ. ಮಂಗಳೂರಿನ ರೋಶನಿ ನಿಲಯ 1960ರದು. ತಮಗೊಂದು ಮಂಡಳಿ ಬೇಕೆಂದು ಈ ವೃತ್ತಿಯವರೇ ದಶಕಗಳಿಂದ ಕೇಳುತ್ತ ಬಂದರು. ದಿಲ್ಲಿ ದೊರೆಗಳ ಕಿವಿಗೆ ಅದು ಬಿದ್ದದ್ದು, ಅದೂ ಅರ್ಧ ಕಿವಿಗೆ, 2021ರಲ್ಲಿ!

ಆ ವರ್ಷ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಹೆಸರೇ ಬಾಯಲ್ಲಿ ಹೊರಳುವುದಿಲ್ಲ, ಇರಲಿ. ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿಯವರು, ಡಯಾಲಿಸಿಸ್ ಯಂತ್ರ ನಡೆಸುವವರು ಹೀಗೆ 50ಕ್ಕೂ ಹೆಚ್ಚು ವೃತ್ತಿಗಳನ್ನು ಒಂದೇ ಗೋಣಿಚೀಲಕ್ಕೆ ತುಂಬಿದ ಕಾಯ್ದೆ ಇದು. ಆ ಚೀಲದೊಳಗೆ ವೈದ್ಯಕೀಯ ಸಮಾಜ ಕಾರ್ಯಕರ್ತರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಎಚ್.ಐ.ವಿ. ಆಪ್ತ ಸಮಾಲೋಚಕರೂ ಇದ್ದಾರೆ. ಪ್ರತಿ ರಾಜ್ಯವೂ ಒಂದು ರಾಜ್ಯ ಮಂಡಳಿ ರಚಿಸಬೇಕು, ಅದರಡಿ ನೀತಿ ಮತ್ತು ನೋಂದಣಿ ನೋಡಿಕೊಳ್ಳಲು ಪ್ರತ್ಯೇಕ ಸಮಿತಿ ಇರಬೇಕು, ತಪ್ಪು ಸಾಬೀತಾದರೆ ಪಟ್ಟಿಯಿಂದ ಹೆಸರು ಕಿತ್ತುಹಾಕುವ ಅಧಿಕಾರವೂ ಮಂಡಳಿಗೆ ಇದೆ. ಕಾಯ್ದೆ ಬಂದು ಮೂರು ವರ್ಷವಾದರೂ ರಾಜ್ಯಗಳು ಕುಂಟುತ್ತಲೇ ಇದ್ದವು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಗದರಿಸಿ ಎರಡು ತಿಂಗಳ ಗಡುವು ಹಾಕಬೇಕಾಯಿತು.

ಮಕ್ಕಳ ಮಂದಿರದವರು, ಕೌಟುಂಬಿಕ ಸಲಹಾ ಕೇಂದ್ರದವರು, ಎನ್.ಜಿ.ಓ.ದವರು ಈ ಚೀಲದ ಹೊರಗೇ ಉಳಿದರು. ಅವರ ಮೇಲಿನ ದೂರಿಗೆ ಇವತ್ತಿಗೂ ವೃತ್ತಿಯ ಮಂಡಳಿ ಎಂಬುದಿಲ್ಲ. ಇಲಾಖೆ, ಆಯೋಗ, ಠಾಣೆ ಎಂದು ಅಲೆಯಬೇಕು. ಅದು ಬೇರೆ ಜಗಳ, ಇನ್ನೊಮ್ಮೆ ಆಡೋಣ. ಇವತ್ತಿನ ಪ್ರಶ್ನೆ ಆಸ್ಪತ್ರೆಯವರದು. ರಾಜ್ಯ ಮಂಡಳಿಗಳು ತಮ್ಮ ನಿಯಮ, ನಮೂನೆ, ರೂಢಿಗಳನ್ನು ಹಾಕಿಕೊಳ್ಳುವ ಕಾಲ ಇದು. ಈಗ ಹಾಕಿದ ಹಳಿಯ ಮೇಲೆ ಮುಂದಿನ ಐವತ್ತು ವರ್ಷ ರೈಲು ಓಡುತ್ತದೆ. ಆದ್ದರಿಂದ ಈಗಲೇ ಕೇಳಬೇಕು: ದೂರಿನ ಕಿಟಕಿಯಲ್ಲಿ ಕುಳಿತುಕೊಳ್ಳುವವರು ಯಾರು? ಅವರು ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆ?

ದೂರು ಸ್ವೀಕರಿಸುವುದೆಂದರೆ ಅರ್ಜಿ ಇಸಿದುಕೊಂಡು ಠಸ್ಸೆ ಒತ್ತುವ ಕೆಲಸ ಎಂದು ನಮ್ಮ ಕಚೇರಿಗಳು ತಿಳಿದುಕೊಂಡಿವೆ. ತಪ್ಪು! ಇಡೀ ನ್ಯಾಯ ನಿಂತಿರುವುದೇ ಆ ಮೊದಲ ಮೇಜಿನ ಮೇಲೆ. ಬಂದ ದೂರು ನಮ್ಮ ಅಧಿಕಾರಕ್ಕೆ ಸೇರಿದ್ದೇ? ಅಲ್ಲವಾದರೆ ಯಾರಿಗೆ ಕಳಿಸಬೇಕು? ಯಾರಿಗಾದರೂ ತಕ್ಷಣದ ಅಪಾಯ ಇದೆಯೇ? ಇದು ಬರೀ ಒರಟು ಮಾತಿನ ದೂರೇ, ಅಥವಾ ಪಟ್ಟಿಯಿಂದ ಹೆಸರು ಕೀಳುವಷ್ಟು ದೊಡ್ಡದೇ? ಇದನ್ನೆಲ್ಲ ಮೊದಲ ಜರಡಿಯಲ್ಲೇ ಹಿಡಿಯಬೇಕು. ಜರಡಿಯ ಕಣ್ಣು ಕೆಟ್ಟರೆ ಕಾಳು ಹೋಗಿ ಹೊಟ್ಟು ಉಳಿಯುತ್ತದೆ.

ಜರಡಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿಗೆ ಹೋಗಿ ನೋಡಿ. ನಮ್ಮ ಸಾಹೇಬರುಗಳಿಗೆ ಇಂಗ್ಲೆಂಡಿನ ಉದಾಹರಣೆ ಕೊಟ್ಟರೇ ತಾನೆ ರುಚಿ! ಅಲ್ಲಿ 2001ರಲ್ಲಿ ಜನರಲ್ ಸೋಷಿಯಲ್ ಕೇರ್ ಕೌನ್ಸಿಲ್ ಶುರುವಾಯಿತು. 2005ರಿಂದ, ನೋಂದಣಿ ಇಲ್ಲದವನು ‘ಸೋಷಿಯಲ್ ವರ್ಕರ್’ ಎಂದು ಕರೆದುಕೊಳ್ಳುವುದೇ ಅಪರಾಧವಾಯಿತು. (ನಮ್ಮ ಫ್ಲೆಕ್ಸಿನ ಅಣ್ಣಂದಿರು ಅಲ್ಲಿದ್ದಿದ್ದರೆ ಗತಿ ಏನು!) ಇಷ್ಟು ಬಿಗಿಯಾಗಿ ಕಟ್ಟಿದ ಸಂಸ್ಥೆಯಲ್ಲೇ 2009ರಲ್ಲಿ ಹುಳುಕು ಹೊರಬಿತ್ತು. 200ಕ್ಕೂ ಹೆಚ್ಚು ದೂರುಗಳು ಸರಿಯಾಗಿ ಪರಿಶೀಲನೆಯೇ ಆಗದೆ ಬಾಕಿ ಬಿದ್ದಿದ್ದವು. ಅವುಗಳಲ್ಲಿ ಜನರ ಸುರಕ್ಷತೆಗೆ ಸಂಬಂಧಿಸಿದವೂ ಇದ್ದವು. ಮುಖ್ಯಾಧಿಕಾರಿಯನ್ನು ಅಮಾನತು ಮಾಡಿದರು. 2012ರಲ್ಲಿ ಆ ಕೌನ್ಸಿಲ್ಲೇ ಮುಚ್ಚಿತು. ಕೆಲಸ ಇನ್ನೊಂದು ಸಂಸ್ಥೆಗೆ ಹೋಯಿತು, ಅಲ್ಲಿಂದ 2019ರ ಡಿಸೆಂಬರಿನಲ್ಲಿ ಶೆಫೀಲ್ಡಿನ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ಗೆ ಬಂತು. ಸಿರಿವಂತ ದೇಶ, ಓದಿದ ಜನ, ಕಂಪ್ಯೂಟರು ಎಲ್ಲ ಇದ್ದೂ ಮೊದಲ ಮೇಜಿನಲ್ಲಿ ಕೆಟ್ಟರು. ಇನ್ನು ನಮ್ಮ ಪಾಡು?

ನಮ್ಮ ಪಾಡಿಗೆ ಇನ್ನೊಂದು ಸಂಕಟ ಸೇರಿದೆ. ಅದೇ ಭಾಷೆ.

ಒಬ್ಬ ತಾಯಿ ಯಾದಗಿರಿ ಕಡೆಯ ಹಳ್ಳಿಯಿಂದ ಮಗನನ್ನು ಕರೆದುಕೊಂಡು ಬೆಂಗಳೂರಿನ ಆಸ್ಪತ್ರೆಗೆ ಬಂದಿದ್ದಾಳೆ ಎಂದುಕೊಳ್ಳಿ. ಸಮಾಜ ಕಾರ್ಯಕರ್ತರು ಅವಳನ್ನು ಕೂರಿಸಿಕೊಂಡು ಕನ್ನಡದಲ್ಲಿ ಕೇಳುತ್ತಾರೆ. ಅವಳು ಕನ್ನಡದಲ್ಲಿ ಹೇಳುತ್ತಾಳೆ. ಅವರು ಬರೆಯುವುದು ಇಂಗ್ಲಿಷಿನಲ್ಲಿ! ಅವಳ ಗಂಡ ಹೇಗೆ, ಅವಳ ಮನೆ ಹೇಗೆ, ಅವಳು ಎಂಥ ತಾಯಿ ಎಂಬುದೆಲ್ಲ ಅವಳಿಗೆ ಓದಲು ಬಾರದ ಭಾಷೆಯಲ್ಲಿ ಫೈಲು ಸೇರುತ್ತದೆ. ತನ್ನ ಬಗ್ಗೆ ಸುಳ್ಳು ಬರೆದಿದ್ದಾರೆ ಎಂದು ಅವಳಿಗೆ ಗೊತ್ತಾಗುವುದು ಯಾವಾಗ? ಯಾರೋ ಪುಣ್ಯಾತ್ಮರು ಓದಿ ಹೇಳಿದಾಗ. ಆಗ ಅವಳು ದೂರು ಕೊಡಲು ಹೊರಟರೆ ಮತ್ತೆ ಅದೇ ಗೋಡೆ. ಫಾರಂ ಇಂಗ್ಲಿಷಿನಲ್ಲಿ, ವೆಬ್‌ಸೈಟು ಇಂಗ್ಲಿಷಿನಲ್ಲಿ, ಓ.ಟಿ.ಪಿ. ಬರುವ ಮೊಬೈಲು ಗಂಡನ ಜೇಬಿನಲ್ಲಿ!

ಆಯಿತು, ಹೇಗೋ ಕಿಟಕಿಯವರೆಗೆ ಬಂದಳು. ‘ನನ್ನ ಕೂಸಿನ ಕಾಗದದಾಗ ಸುಳ್ಳ ಬರದಾರ್ರಿ, ನಾಕ ಮಂದ್ಯಾಗ ನನ್ನ ಮರ್ಯಾದಿ ತಗದಾರ್ರಿ’ ಎನ್ನುತ್ತಾಳೆ. ಕಿಟಕಿಯ ಗುಮಾಸ್ತ ಅದನ್ನು ಇಂಗ್ಲಿಷಿಗೆ ಇಳಿಸುತ್ತಾನೆ. ‘ದಾಖಲೆಯಲ್ಲಿ ವ್ಯತ್ಯಾಸ, ಸಿಬ್ಬಂದಿಯ ಅಸಭ್ಯ ವರ್ತನೆ.’ ಮುಗಿಯಿತು! ಸುಳ್ಳು ವರದಿ ಎಂಬ ಗಂಭೀರ ಆರೋಪ ‘ವ್ಯತ್ಯಾಸ’ವಾಯಿತು. ನಾಲ್ಕು ಜನರ ಮುಂದೆ ಅವಳ ಗುಟ್ಟು ಬಿಚ್ಚಿದ್ದು ‘ಅಸಭ್ಯ ವರ್ತನೆ’ಯಾಯಿತು. ಮೇಲೆ ಕುಳಿತವರು ಓದುವುದು ಅವಳ ಮಾತನ್ನಲ್ಲ, ಗುಮಾಸ್ತನ ಇಂಗ್ಲಿಷನ್ನು. ವೃತ್ತಿಧರ್ಮದ ದ್ರೋಹವೊಂದು ‘ಸಣ್ಣಪುಟ್ಟ ದೂರು’ಗಳ ಕಟ್ಟಿಗೆ ಹೋಗಿ ಬೀಳುತ್ತದೆ. ಇಲ್ಲಿ ಯಾರೂ ಲಂಚ ತಿಂದಿಲ್ಲ, ಯಾರೂ ಮೋಸ ಮಾಡಿಲ್ಲ. ಬರೀ ಭಾಷೆ ಬದಲಾಯಿತು, ನ್ಯಾಯ ಕೈತಪ್ಪಿತು.

ಭಾಷೆಯ ಪ್ರಶ್ನೆ ಎತ್ತಿದರೆ ‘ಇವರಿಗೆ ಬೋರ್ಡು ಬಿಟ್ಟು ಬೇರೆ ಕಾಣುವುದಿಲ್ಲ’ ಎಂದು ನಗುವ ಬುದ್ಧಿವಂತರು ಇದಕ್ಕೆ ಉತ್ತರ ಹೇಳಲಿ.

ಕಾನೂನು ಇಲ್ಲವೇ? ಧಾರಾಳವಾಗಿ ಇದೆ. ಸಂವಿಧಾನದ 350ನೇ ವಿಧಿಯನ್ನು ತೆಗೆದು ನೋಡಿ. ತನಗಾದ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಯಾವುದೇ ಪ್ರಾಧಿಕಾರಕ್ಕೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ‘ಇಂಗ್ಲಿಷಿನಲ್ಲಿ ಬರೆಸಿಕೊಂಡು ಬಾ’ ಎಂದು ಅರ್ಜಿ ಹಿಂತಿರುಗಿಸುವ ಗುಮಾಸ್ತ ಮುರಿಯುತ್ತಿರುವುದು ಸಂವಿಧಾನವನ್ನು! ಆದರೆ ಈ ವಿಧಿಯಲ್ಲಿ ಒಂದು ತೂತಿದೆ. ಕೊಡುವ ಹಕ್ಕು ಹೇಳಿದೆ, ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಹೇಳಿಲ್ಲ. ಕನ್ನಡದಲ್ಲಿ ಕೊಟ್ಟ ದೂರಿಗೆ ಇಂಗ್ಲಿಷಿನಲ್ಲಿ ನೋಟೀಸು ಬಂದರೆ ಆ ತಾಯಿಗೆ ಅದು ಬರೀ ಕಾಗದ. ಆ ತೂತನ್ನು ಮುಚ್ಚಲಿಕ್ಕೇ ನಮ್ಮ ರಾಜ್ಯದ ಕಾನೂನುಗಳಿರುವುದು. 1963ರ ರಾಜಭಾಷಾ ಅಧಿನಿಯಮ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ‘ನಮ್ಮದು ಕೇಂದ್ರದ ಕಾಯ್ದೆ’ ಎಂಬ ಸಬೂಬು ನಡೆಯುವುದಿಲ್ಲ. ಕಾಯ್ದೆ ದಿಲ್ಲಿಯದಿರಬಹುದು, ಮಂಡಳಿ ರಚಿಸುವುದು ರಾಜ್ಯ ಸರ್ಕಾರ. ಅದು ಹೈಕೋರ್ಟೂ ಅಲ್ಲ, ಇಂಗ್ಲಿಷಿನ ಹಿಂದೆ ಅಡಗಿಕೊಳ್ಳಲಿಕ್ಕೆ.

ಗಡಿಯಾಚೆ ನೋಡಿದರೆ ನಾಚಿಕೆಯಾಗಬೇಕು. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ಅಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಅದು ಆಚರಣೆಯಲ್ಲಿ ಎಷ್ಟು ಸೊರಗಿದೆ ಎಂಬುದನ್ನು ಕಾಸರಗೋಡಿನ ನಮ್ಮವರನ್ನು ಕೇಳಬೇಕು. ಆದರೂ ಬರೆದಿಟ್ಟಿದ್ದಾರಲ್ಲ!

ಕಡಲಾಚೆಯ ವೇಲ್ಸ್ ನಾಡನ್ನು ನೋಡಿ. ಇಂಗ್ಲೆಂಡಿನ ಮಗ್ಗುಲಲ್ಲೇ ಇರುವ, ಇಂಗ್ಲಿಷು ನುಂಗಿ ಮುಗಿಸಲು ಹೊರಟಿದ್ದ ಪುಟ್ಟ ನಾಡು. 2021ರ ಜನಗಣತಿಯಲ್ಲಿ ವೇಲ್ಸ್ ಭಾಷೆ ಬಲ್ಲವರು ಸುಮಾರು 5 ಲಕ್ಷ 38 ಸಾವಿರ, ನೂರಕ್ಕೆ ಹದಿನೆಂಟು ಮಂದಿಯೂ ತುಂಬುವುದಿಲ್ಲ. ಅವರಲ್ಲಿ ಇಂಗ್ಲಿಷ್ ಬಾರದವರನ್ನು ದುರ್ಬೀನು ಹಾಕಿ ಹುಡುಕಬೇಕು. ಆದರೂ 2011ರ ಕಾನೂನಿನಿಂದ ವೇಲ್ಸ್ ಭಾಷೆಗೆ ಅಧಿಕೃತ ಸ್ಥಾನ, ಅದನ್ನು ಕಾಯಲು ಒಬ್ಬ ಭಾಷಾ ಕಮಿಷನರ್! ಅಲ್ಲಿ ಸಮಾಜ ಕಾರ್ಯಕರ್ತರನ್ನು ನೋಂದಾಯಿಸಿ ಅವರ ಮೇಲಿನ ದೂರು ವಿಚಾರಿಸುವ ಸಂಸ್ಥೆಗೆ ಹೆಸರೇ ಎರಡು ಭಾಷೆಯಲ್ಲಿದೆ, ‘ಸೋಷಿಯಲ್ ಕೇರ್ ವೇಲ್ಸ್’ ಮತ್ತು ‘ಗೋವಲ್ ಕಮ್‌ದೈಥಸೋಲ್ ಕಮ್ರಿ’. ಅದು ನಡೆಯುವುದೂ ಎರಡು ಭಾಷೆಯಲ್ಲಿ. ವೇಲ್ಸ್ ಭಾಷೆಯವನು ತನ್ನ ಮಾತಿನಲ್ಲೇ ದೂರು ಬರೆದು ಕಳಿಸಬಹುದು. ಐದೂವರೆ ಲಕ್ಷ ಜನರಿಗೆ ಇಷ್ಟು! 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ನಮಗೆಷ್ಟು?

ಬರೆಯಲು ಬಾರದವರ ಗತಿ ಏನು ಎಂದು ಕೇಳುತ್ತೀರಾ? ಅದಕ್ಕೂ ನಮ್ಮ ದೇಶದ ಕಾನೂನುಗಳು ದಾರಿ ತೋರಿಸಿವೆ. ಪೊಲೀಸ್ ಠಾಣೆಯಲ್ಲಿ ಬಾಯಿಮಾತಿನ ದೂರನ್ನು ಬರೆದುಕೊಂಡು, ಓದಿ ಹೇಳಿ, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2023ರ ಹೊಸ ಸಂಹಿತೆಯಲ್ಲೂ ಇದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ, ಬರೆಯಲಾರದವನ ಅರ್ಜಿಯನ್ನು ಬರೆದುಕೊಳ್ಳಲು ಅಧಿಕಾರಿಯೇ ನೆರವಾಗಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಂತೂ, ಆಸ್ಪತ್ರೆಗೆ ದಾಖಲಾದ ರೋಗಿ ವಿಶೇಷ ಸಂದರ್ಭಗಳಲ್ಲಿ ಫೋನಿನಲ್ಲಿ ಹೇಳಿದರೂ ಪುನರ್ವಿಮರ್ಶೆ ಮಂಡಳಿ ಅರ್ಜಿ ಎಂದು ಸ್ವೀಕರಿಸಬಹುದು. ಪೋಕ್ಸೋ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಮಗು ಕೊಟ್ಟ ಮಾಹಿತಿಯನ್ನು ಮಗುವಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು, ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆದರೆ ದುಭಾಷಿಯನ್ನು ಕೊಡಬೇಕು. ಪೊಲೀಸಿನವನು ಮಾಡಬೇಕಾದ್ದನ್ನು ಸಮಾಜಕಾರ್ಯದ ಮಂಡಳಿ ಮಾಡಲಾರದೇ? ಕೇಳಿಸಿಕೊಳ್ಳುವುದೇ ಆ ವೃತ್ತಿಯ ಉಸಿರಲ್ಲವೇ, ಸ್ವಾಮಿ?

ಇನ್ನು ಬಾಗಿಲುಗಳ ಸಂಗತಿ. ಆಸ್ಪತ್ರೆಯ ಮೇಲ್ವಿಚಾರಕರು ಒಂದು ಬಾಗಿಲು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಾಯಿಸುವ, ಚಿಕಿತ್ಸಾಲಯಗಳ ಸೇವೆಯ ಲೋಪದ ದೂರು ಕೇಳುವ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಇನ್ನೊಂದು. ಹೊಸ ರಾಜ್ಯ ಮಂಡಳಿ ಮತ್ತೊಂದು. ಮಗುವಿನ ವಿಷಯವಾದರೆ ಮಕ್ಕಳ ಹಕ್ಕು ಆಯೋಗ, ಹೆಣ್ಣಿನ ವಿಷಯವಾದರೆ ಮಹಿಳಾ ಆಯೋಗ. ನೊಂದವನಿಗೆ ಈ ಭೂಪಟ ಗೊತ್ತಿರುತ್ತದೆಯೇ? ಅವನು ತಟ್ಟಿದ ಪ್ರತಿ ಬಾಗಿಲಿನಲ್ಲೂ ‘ಇದು ನಮಗೆ ಬರೋದಿಲ್ಲ’ ಎನ್ನುವುದು ಸಲೀಸು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ತಪ್ಪು ಕಚೇರಿಗೆ ಬಂದ ಅರ್ಜಿಯನ್ನು ಐದು ದಿನದೊಳಗೆ ಸರಿಯಾದ ಕಚೇರಿಗೆ ಆ ಕಚೇರಿಯವರೇ ಕಳಿಸಿ, ಅರ್ಜಿದಾರನಿಗೆ ತಿಳಿಸಬೇಕು. ಅದೇ ನಿಯಮ ಇಲ್ಲಿಯೂ ಬರಲಿ. ಕಾಲು ಸವೆಸಬೇಕಾದ್ದು ಕಾಗದ, ಜನ ಅಲ್ಲ.

ಒಂದು ಎಚ್ಚರಿಕೆ. ಹಾಗೆ ಕಳಿಸುವಾಗ ದೂರು ಯಾರ ಮೇಲೆ ಇದೆಯೋ ಅವರ ಮೇಜಿಗೇ ‘ಸೂಕ್ತ ಕ್ರಮಕ್ಕಾಗಿ’ ಎಂದು ಹೋಗಿ ಬೀಳಬಾರದು. ನಮ್ಮ ಆಡಳಿತದಲ್ಲಿ ಇದು ಹಳೆಯ ರೋಗ. ಕಳ್ಳನ ಮೇಲಿನ ದೂರು ಕಳ್ಳನ ವರದಿಗಾಗಿ ಕಾಯುತ್ತಿರುತ್ತದೆ! ವಾರ್ಡಿನಲ್ಲಿ ಇನ್ನೂ ಮಲಗಿರುವ ರೋಗಿಯ ಹೆಸರು ಅದೇ ವಾರ್ಡಿಗೆ ಗೊತ್ತಾದರೆ ಅವನ ಗತಿ ಏನು?

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷದ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆರೋಪ ಹೊತ್ತ ಸಮಾಜ ಕಾರ್ಯಕರ್ತನೂ ಬಹುಪಾಲು ನಮ್ಮ ಹುಡುಗನೇ. ಕನ್ನಡ ಮಾಧ್ಯಮದಲ್ಲಿ ಓದಿ, ಧಾರವಾಡದಲ್ಲೋ ಮೈಸೂರಿನಲ್ಲೋ ಎಂ.ಎಸ್.ಡಬ್ಲ್ಯೂ. ಮುಗಿಸಿ, ಗುತ್ತಿಗೆಯ ಮೇಲೆ ದುಡಿಯುವವನು. ಬಿಲ್ಲು ಮಾಫಿ ಮಾಡಿಸಲಿಲ್ಲ ಎಂಬ ಸಿಟ್ಟಿಗೆ ಯಾರೋ ಪುಢಾರಿ ಅವನ ಮೇಲೆ ಸುಳ್ಳು ದೂರು ಜಡಿಯಬಹುದು. ಹೆಂಡತಿಯ ಪರ ವರದಿ ಬರೆದ ಸಿಟ್ಟಿಗೆ ಗಂಡನ ಮನೆಯವರು ಜಡಿಯಬಹುದು. ಅವನಿಗೆ ಹತ್ತು ಪುಟದ ಇಂಗ್ಲಿಷ್ ನೋಟೀಸು ಕಳಿಸಿ ಇಂತಿಷ್ಟು ದಿನದಲ್ಲಿ ಉತ್ತರ ಕೊಡು ಎಂದರೆ? ಗುತ್ತಿಗೆಯ ಸಂಬಳದಲ್ಲಿ ವಕೀಲರಿಗೆ ಫೀಸು ತರುವುದೆಲ್ಲಿಂದ? ಅವನ ಅನ್ನದ ಪ್ರಶ್ನೆಯೂ ಇದರಲ್ಲಿ ಇದೆ. ದೂರು ಕನ್ನಡದಲ್ಲಿ, ನೋಟೀಸು ಕನ್ನಡದಲ್ಲಿ, ಉತ್ತರ ಕನ್ನಡದಲ್ಲಿ, ವಿಚಾರಣೆ ಕನ್ನಡದಲ್ಲಿ ನಡೆದರೆ ಇಬ್ಬರಿಗೂ ತಾವು ಏನನ್ನು ಎದುರಿಸುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ. ಬಡಿದಾಡುವವರಿಬ್ಬರಿಗೂ ತಿಳಿಯದ ಭಾಷೆಯಲ್ಲಿ ತೀರ್ಪು ಬರೆಯುವುದು ಎಲ್ಲಿಯ ಪದ್ಧತಿ?

ಕನ್ನಡ ಎಂದಾಗ ಕನ್ನಡವೊಂದೇ ಎಂದು ಯಾರೂ ಕೊಂಕು ತೆಗೆಯಬೇಡಿ. ತುಳುವಿನಲ್ಲಿ, ಕೊಡವದಲ್ಲಿ, ಲಂಬಾಣಿಯಲ್ಲಿ, ಉರ್ದುವಿನಲ್ಲಿ ಅಳಲು ಹೇಳಿಕೊಳ್ಳುವ ಅಜ್ಜಿಯ ಮಾತನ್ನೂ ಕಿಟಕಿಯಲ್ಲಿ ಕೇಳಿಸಿಕೊಳ್ಳಬೇಕು, ಆ ಮಾತು ಬಲ್ಲವರನ್ನು ಕರೆಸಿ ಬರೆಸಿಕೊಳ್ಳಬೇಕು. ಕಚೇರಿಯ ಕೆಲಸ ಕನ್ನಡದಲ್ಲಿ ನಡೆಯಲಿ, ಬಾಯಿಯ ಹಕ್ಕು ಎಲ್ಲರಿಗೂ ಇರಲಿ. 350ನೇ ವಿಧಿ ಹೇಳುವುದೂ ಅದನ್ನೇ.

ಆರೋಗ್ಯ ಇಲಾಖೆಯವರನ್ನೂ ಮಂಡಳಿಯವರನ್ನೂ ನಾವು ಕೇಳುವುದು ಇಷ್ಟು. ದೂರಿನ ನಮೂನೆ ಕನ್ನಡದಲ್ಲಿ ಅಚ್ಚಾಗಲಿ. ಆಸ್ಪತ್ರೆಯ ಗೋಡೆಯ ಮೇಲೆ, ಔಷಧಿ ಕೊಡುವ ಕಿಟಕಿಯ ಪಕ್ಕದಲ್ಲಿ, ಎಲ್ಲಿಗೆ ಹೇಗೆ ದೂರು ಕೊಡಬೇಕೆಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಲಿ. ಮೊದಲ ಮೇಜಿಗೆ ಕಲಬುರಗಿಯ ಮಾತೂ ಕುಂದಾಪುರದ ಮಾತೂ ಅರ್ಥವಾಗುವ, ತರಬೇತಿ ಪಡೆದ ಸಿಬ್ಬಂದಿಯನ್ನು ಹಾಕಲಿ. ದೂರುದಾರರು ಆಡಿದ ಮಾತು ಆಡಿದ ಹಾಗೆಯೇ ಕಡತದಲ್ಲಿರಲಿ, ಸಾರಾಂಶ ಬೇಕಿದ್ದರೆ ಅದರ ಹಿಂದೆ ಪಿನ್ನು ಮಾಡಿಕೊಳ್ಳಲಿ. ಜಿಲ್ಲೆಯಲ್ಲೇ ದೂರು ಪಡೆಯುವ ಏರ್ಪಾಡಾಗಲಿ. ಬೀದರದವರು ಒಂದು ಅರ್ಜಿ ಕೊಡಲು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಬರಬೇಕಾಗಿಲ್ಲ.

ಓದುಗರಿಗೂ ಒಂದು ಕೆಲಸ ಇದೆ. ನಿಮ್ಮವರು ಯಾರಿಗಾದರೂ ಇಂಥ ದೂರು ಕೊಡುವ ಪ್ರಸಂಗ ಬಂದರೆ ಹೆದರದೆ ಕನ್ನಡದಲ್ಲೇ ಬರೆಯಿರಿ. ಅರ್ಜಿಯ ನೆತ್ತಿಯ ಮೇಲೆ ‘ಸಂವಿಧಾನದ 350ನೇ ವಿಧಿಯ ಪ್ರಕಾರ ಸಲ್ಲಿಸಿದ ಮನವಿ, ಉತ್ತರ ಕನ್ನಡದಲ್ಲಿ ಕೊಡತಕ್ಕದ್ದು’ ಎಂದು ಒಂದು ಸಾಲು ಹಾಕಿ. ಏನಾಯಿತು, ಯಾವ ತಾರೀಖು, ಯಾವ ವಾರ್ಡು, ಯಾರು ಏನು ಅಂದರು ಎಂಬುದನ್ನು ಅವರು ಆಡಿದ ಮಾತಿನಲ್ಲೇ ಬರೆಯಿರಿ. ಪ್ರತಿಯ ಮೇಲೆ ಸಹಿ, ಠಸ್ಸೆ, ಕ್ರಮಸಂಖ್ಯೆ ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ. ತೆಗೆದುಕೊಳ್ಳಲು ನಿರಾಕರಿಸಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಒಂದು ಪ್ರತಿ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಹಾಕಿ. ಒಂದು ತಿಂಗಳು ಕಾದು ಸುದ್ದಿಯೇ ಇಲ್ಲವೆಂದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎರಡೇ ಪ್ರಶ್ನೆ ಕೇಳಿ: ನನ್ನ ದೂರು ಈಗ ಯಾರ ಮೇಜಿನ ಮೇಲೆ ಇದೆ? ಎಷ್ಟು ದಿನದಿಂದ ಇದೆ?